ನೂಲು ಬಿಚ್ಚುವವರ ರಕ್ತ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದೆ. ಅಪ್ಪ ಚಿಂತಾಮಣಿಯಲ್ಲಿ ಮೇಷ್ಟ್ರಾಗಿದ್ದರು, ಕೆಲಸ ಕಲಿತದ್ದು ಚಿಕ್ಕಬಳ್ಳಾಪುರದಲ್ಲಿ. ಲ್ಯಾಬು ಅಂದರೆ ಡಾಕ್ಟರ ಕ್ಲಿನಿಕ್ಕಿಗೆ ಅಂಟಿಕೊಂಡಿದ್ದ ಒಂದೇ ಕೋಣೆ. ಒಂದು ಮೈಕ್ರೋಸ್ಕೋಪು, ಒಂದು ಮೇಜು, ಕಿಟಕಿಯ ಪಕ್ಕದಲ್ಲಿ ಗಾಜಿನ ಕೊಳವೆಗಳನ್ನು ನಿಲ್ಲಿಸುವ ಸ್ಟ್ಯಾಂಡು, ರಕ್ತ ಕೊಟ್ಟವರು ಕೂರಲು ಒಂದು ಬೆಂಚು. ಇಲ್ಲಿ ಬರೆಯುತ್ತಿರುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಎಷ್ಟು, ಬೇರೆಯವರು ಹೇಳಿದ್ದು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿಯೇ ಇಡಲು ಪ್ರಯತ್ನಿಸುತ್ತೇನೆ.

ಆ ಲ್ಯಾಬಿನಲ್ಲಿ ನಾನು ಅತಿ ಹೆಚ್ಚು ಸಲ ಮಾಡಿದ ಪರೀಕ್ಷೆ ಇ.ಎಸ್.ಆರ್. ಹೆಪ್ಪುಗಟ್ಟದಂತೆ ಔಷಧಿ ಬೆರೆಸಿದ ರಕ್ತವನ್ನು ತೆಳ್ಳನೆಯ ಗಾಜಿನ ಕೊಳವೆಗೆ ತುಂಬಿ, ನೆಟ್ಟಗೆ ನಿಲ್ಲಿಸಿ ಒಂದು ಗಂಟೆ ಬಿಡಬೇಕು. ಕೆಂಪು ಕಣಗಳು ನಿಧಾನವಾಗಿ ಕೆಳಗಿಳಿಯುತ್ತವೆ, ಮೇಲೆ ಹಳದಿ ತಿಳಿ ನಿಲ್ಲುತ್ತದೆ. ಗಂಟೆಯಲ್ಲಿ ಎಷ್ಟು ಮಿಲಿಮೀಟರು ಇಳಿಯಿತೋ ಅದೇ ಅಂಕಿ. ಇಪ್ಪತ್ತರ ಆಸುಪಾಸಿನೊಳಗಿದ್ದರೆ ಚಿಂತೆಯಿಲ್ಲ. ಮೈಯಲ್ಲಿ ಎಲ್ಲಿಯಾದರೂ ಉರಿಯೂತವಿದ್ದರೆ ಕಣಗಳು ಬೇಗ ಇಳಿಯುತ್ತವೆ. ಎಲ್ಲಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ನಮ್ಮ ಕಡೆ ಜನ ಇದನ್ನು ‘ನಂಜು ನೋಡೋ ಪರೀಕ್ಷೆ’ ಎನ್ನುತ್ತಿದ್ದರು. ಅದು ಹತ್ತಿರದ ಮಾತೇ.

ಊರಿನಲ್ಲಿ ಮನೆಮನೆಯಲ್ಲೂ ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ, ಆ ನೀರಿನೊಳಗೆ ಬೆರಳಾಡಿಸಿ ಎಳೆ ಹುಡುಕಿ ತೆಗೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕೈ ನೀರಿನಲ್ಲಿ. ಸತ್ತ ಹುಳುವಿನ ರಸ ಬೆರೆತ ನೀರು ಅದು. ಬೆರಳ ತುದಿಗಳು ಬಿಳಿಚಿ ಊದಿಕೊಂಡು, ಚರ್ಮ ಸೀಳಿ, ಉಗುರಿನ ಸುತ್ತ ಕೀವಾಗುತ್ತಿತ್ತು. ಒಂದು ಕಡೆ ವಾಸಿಯಾಗುವಷ್ಟರಲ್ಲಿ ಇನ್ನೊಂದು ಕಡೆ. ಹಾಗಾಗಿ ಅವರಲ್ಲಿ ಬಹಳ ಜನರ ಅಂಕಿ ಯಾವಾಗಲೂ ಮೇಲೆಯೇ ಇರುತ್ತಿತ್ತು.

ಮೊದಲ ವರ್ಷ ಇದು ನನಗೆ ಗೊತ್ತಿರಲಿಲ್ಲ. ನಾನು ನಲವತ್ತು, ಐವತ್ತು ಎಂದು ಬರೆದು ಕೊಡುತ್ತಿದ್ದೆ. ಡಾಕ್ಟರು ಅದನ್ನು ನೋಡಿ ಕ್ಷಯ ಇರಬಹುದೆಂದು ಎಕ್ಸ್‌ರೇಗೆ ಚಿಕ್ಕಬಳ್ಳಾಪುರಕ್ಕೆ ಕಳಿಸುತ್ತಿದ್ದರು. ಹೋದವರು ಕೆಲಸ ಬಿಟ್ಟು ಹೋಗಿ, ಏನೂ ಇಲ್ಲ ಎಂದು ಬರೆಸಿಕೊಂಡು ಬರುತ್ತಿದ್ದರು. ಹೀಗೆ ಸುಮಾರು ಜನ ಹೋಗಿ ಬಂದ ಮೇಲೆ ನಾನೊಂದು ಉಪಾಯ ಮಾಡಿದೆ. ಬಂದವರು ನೂಲು ಬಿಚ್ಚುವವರಾಗಿದ್ದರೆ ಚೀಟಿಯಲ್ಲಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಒಂದು ಪುಟ್ಟ ಗೂಡಿನ ಆಕಾರ ಬರೆಯುತ್ತಿದ್ದೆ. ಇದು ಕೈಯಿಂದ ಬಂದ ಅಂಕಿ ಎಂದು ಅದರ ಅರ್ಥ. ಡಾಕ್ಟರಿಗೆ ಇದು ಹಿಡಿಸಿತು.

‘ಒಳ್ಳೇ ತಲೆ ಓಡ್ಸಿದೀಯ ಕಣಮ್ಮ,’ ಎಂದರು. ‘ಗೂಡಿದ್ರೆ ನಾನು ಅರ್ಧ ಕಳೆದು ಓದ್ಕೊತೀನಿ.’

ಎಕ್ಸ್‌ರೇಗೆ ಹೋಗುವವರು ಕಡಿಮೆಯಾದರು. ಆರೇಳು ವರ್ಷ ಹೀಗೇ ನಡೆಯಿತು.

ನಮ್ಮ ಲ್ಯಾಬಿನಿಂದ ಎರಡು ಬೀದಿ ಆಚೆ ಒಬ್ಬ ಭಾಯ್ ಇದ್ದರು. ಐವತ್ತೈದರ ಆಸುಪಾಸು. ಮನೆಯ ಹಿಂದೆ ನಾಲ್ಕು ಬಾಣಲೆ ಇಟ್ಟುಕೊಂಡು, ಕೆಲಸದವರಿದ್ದರೂ ಒಂದು ಬಾಣಲೆಯ ಮುಂದೆ ತಾವೇ ಕೂರುತ್ತಿದ್ದರು. ಸಣ್ಣ ಎಳೆ ಅವರಷ್ಟು ಚೆನ್ನಾಗಿ ಹಿಡಿಯುವವರು ಆ ಬೀದಿಯಲ್ಲಿ ಇಲ್ಲ ಎಂದು ಬೇರೆಯವರೇ ಹೇಳುತ್ತಿದ್ದರು. ಬಹಳ ತಮಾಷೆಯ ಮನುಷ್ಯ. ಅವರ ರಕ್ತವನ್ನು ನಾನು ಮೊದಲೂ ಮೂರು ನಾಲ್ಕು ಸಲ ನೋಡಿದ್ದೆ. ಮೂವತ್ತೆಂಟು, ನಲವತ್ತು, ಪಕ್ಕದಲ್ಲಿ ಗೂಡು.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೊಡೆಯ ಸಂದಿನಲ್ಲಿ ತೂತು ಮಾಡಿ, ಅಲ್ಲಿಂದ ಹೃದಯದವರೆಗೆ ತಂತಿ ತೂರಿಸಿ, ಕಟ್ಟಿಕೊಂಡಿದ್ದ ರಕ್ತನಾಳವನ್ನು ಬಲೂನಿನಿಂದ ಅಗಲ ಮಾಡಿ ಕಳಿಸಿದರು. ನಮ್ಮ ಊರಿನಲ್ಲಿ ಅಂಥದ್ದನ್ನು ಮಾಡಿಸಿಕೊಂಡವರಲ್ಲಿ ನನಗೆ ಗೊತ್ತಿದ್ದಂತೆ ಅವರೇ ಮೊದಲು. ಗೂಡಿನ ಮಾರ್ಕೆಟ್ಟಿನಲ್ಲಿ ಅವರಿಗೆ ‘ಬಲೂನ್ ಸಾಬ್ರು’ ಎಂದು ಹೆಸರು ಬಿತ್ತು. ಅವರಿಗೂ ಅದು ಇಷ್ಟವೇ ಆಗಿತ್ತು.

ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಅವರು ನನ್ನ ಮೇಜಿನ ಮೇಲೆ ಹರಡಿದರು. ನಾಲ್ಕು ವಾರ, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಇಂಥ ಚಿಕಿತ್ಸೆ ಆದ ಮೇಲೆ ರಕ್ತದಲ್ಲಿ ಸ್ವಲ್ಪ ಉರಿಯೂತ ಕಾಣುತ್ತದೆ, ಅದು ವಾರ ವಾರಕ್ಕೆ ಇಳಿಯಬೇಕು, ಇಳಿಯದಿದ್ದರೆ ತಡಮಾಡದೆ ವಾಪಸು ಬರಬೇಕು. ಅಲ್ಲಿಯ ಡಾಕ್ಟರು ಬಾಯಲ್ಲಿಯೂ ಇದನ್ನೇ ಹೇಳಿದ್ದರಂತೆ.

ನಾನು ತೋಳಿಗೆ ರಬ್ಬರು ಕಟ್ಟಿ, ಮುಷ್ಟಿ ಹಿಡಿಯಿರಿ ಎಂದೆ. ಹಿಡಿದರು.

‘ವಾರ ವಾರ ಹಿಂಗೆ ತಗೊಂಡ್ರೆ ನನ್ಗೇನಮ್ಮಾ ಉಳಿತೈತೆ?’

‘ಒಂದು ಚಮಚ ಕೂಡ ಆಗಲ್ಲ ಭಾಯ್.’

‘ಬೆಂಗಳೂರಾಗೆ ಗಾಳಿ ತುಂಬಿ ಕಳಿಸಿದ್ರು. ನೀನು ಇಲ್ಲಿ ಖಾಲಿ ಮಾಡು.’

ಕೊಳವೆ ನಿಲ್ಲಿಸಿ ಒಂದು ಗಂಟೆ ಕಾಯಬೇಕಿತ್ತು. ಬೇರೆಯವರು ಟೀ ಕುಡಿಯಲು ಹೋಗುತ್ತಿದ್ದರು. ಭಾಯ್ ಬೆಂಚಿನ ಮೇಲೆ ಕೂತು ಕೊಳವೆಯನ್ನೇ ನೋಡುತ್ತಿದ್ದರು. ಎಡಗಾಲು ಚಾಚಿಕೊಂಡು ಒಂದು ಪಕ್ಕಕ್ಕೆ ಕೂತಿದ್ದರು. ಹಾಗೆ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ, ಆದರೆ ಅವತ್ತು ಅದನ್ನು ಗಮನಿಸಿದ್ದೆನೇ ಅಥವಾ ಆಮೇಲೆ ನೆನಪಿಗೆ ಸೇರಿಕೊಂಡಿತೇ ಎಂದು ಖಚಿತವಾಗಿ ಹೇಳಲಾರೆ.

‘ಬೇಗ ಇಳಿದ್ರೆ ಒಳ್ಳೇದಾ, ನಿಧಾನಕ್ಕೆ ಇಳಿದ್ರೆ ಒಳ್ಳೇದಾ?’ ಎಂದು ಕೇಳಿದರು.

‘ನಿಧಾನಕ್ಕೆ.’

‘ಹಂಗಾದ್ರೆ ಗೋರ್ಮೆಂಟ್ ಆಫೀಸ್ನೋರ ರಕ್ತ ಬಲು ಚೆನ್ನಾಗಿರ್ಬೇಕು.’

ಅಂಕಿ ನಲವತ್ತೆರಡು ಬಂತು. ಅವರದು ಯಾವಾಗಲೂ ಅಷ್ಟೇ ಇರುತ್ತಿತ್ತು. ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಗೂಡು ಹಾಕಿದೆ. ಒಳಗೆ ಡಾಕ್ಟರು ನೋಡಿ, ಪರವಾಗಿಲ್ಲ ಎಂದರು.

ಎರಡನೆಯ ವಾರ ಐವತ್ತು. ಸಂಜೆ ಹೊತ್ತು ಮೈ ಬಿಸಿಯಾಗುತ್ತದೆ ಎಂದರು ಭಾಯ್. ಡಾಕ್ಟರ ಕೋಣೆಗೂ ಬೆಂಚುಗಳಿದ್ದ ಜಾಗಕ್ಕೂ ನಡುವೆ ಒಂದು ಪರದೆ ಮಾತ್ರ ಇತ್ತು, ಅದು ಮುಚ್ಚಿರುತ್ತಿದ್ದುದು ಕಡಿಮೆ. ಅವತ್ತು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕೂತಿದ್ದರು. ಒಳಗಿನ ಮಾತು ನನಗೂ ಕೇಳುತ್ತಿತ್ತು.

‘ಕಾಲು ಹೆಂಗಿದೆ? ತೂತು ಮಾಡಿದ ಜಾಗ?’

‘ಚೆನ್ನಾಗೈತೆ ಸಾರ್.’

‘ನೋವು?’

‘ಇರ್ತೈತೆ ಅಂತ ಅವರೇ ಹೇಳವ್ರೆ. ಕಪ್ಪಾಗಿರ್ತೈತೆ, ಒಂದು ತಿಂಗಳು ಅಂತ.’

ಡಾಕ್ಟರು ಚೀಟಿ ನೋಡಿ, ಕೈಗೆ ಮುಲಾಮು, ಜ್ವರಕ್ಕೆ ಮಾತ್ರೆ ಬರೆದುಕೊಟ್ಟರು. ಆ ಚೀಟಿಯಲ್ಲೂ ಗೂಡು ಇತ್ತು.

ಮೂರನೆಯ ವಾರ ಅರವತ್ತೆಂಟು. ನನಗೆ ಸ್ವಲ್ಪ ಅನುಮಾನ ಬಂತು. ಆದರೆ ಅನುಮಾನ ಬಂದ ದಿಕ್ಕು ಬೇರೆ. ಇವರು ಮತ್ತೆ ಬಾಣಲೆಯ ಮುಂದೆ ಕೂತಿದ್ದಾರೆ, ಕೈ ಮತ್ತೆ ಕೆಟ್ಟಿದೆ ಎಂದುಕೊಂಡೆ. ಚೀಟಿಯನ್ನು ನಾನೇ ಒಳಗೆ ತೆಗೆದುಕೊಂಡು ಹೋಗಿ ಡಾಕ್ಟರಿಗೆ ಹಾಗೆಂದೆ.

‘ಕೂತಿರ್ತಾರೆ, ಕೂತಿರ್ತಾರೆ,’ ಎಂದು ಡಾಕ್ಟರು ನಕ್ಕರು. ‘ಹೆಂಡತಿ ಕಣ್ತಪ್ಪಿಸಿ ಕೂತಿರ್ತಾರೆ. ಆ ಕೈ ಸುಮ್ನೆ ಇರೋ ಕೈಯಲ್ಲ.’

ಭಾಯ್ ಹೊರಗೆ ಬೆಂಚಿನ ಮೇಲೆಯೇ ಇದ್ದರು. ನಾನೂ ಕೇಳಲಿಲ್ಲ, ಡಾಕ್ಟರೂ ಕೇಳಲಿಲ್ಲ.

ನಾಲ್ಕನೆಯ ವಾರ ಅವರು ಬರಲಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಅವರ ಹೆಂಡತಿ ಬುರ್ಖಾದಲ್ಲಿ ಬಂದು ಬಾಗಿಲಲ್ಲಿ ನಿಂತರು. ಅವರನ್ನು ನಾನು ಆಪಾ ಎಂದು ಕರೆಯುತ್ತಿದ್ದೆ.

‘ನಡ್ಯಕ್ಕಾಗಲ್ಲ ಅಂತಾರಮ್ಮ. ನೀನೇ ಬಂದು ತಗೊಂಡು ಹೋಗ್ತೀಯಾ?’

ಸಿರಿಂಜು, ಹತ್ತಿ, ಔಷಧಿ ಹಾಕಿದ ಸೀಸೆ ತೆಗೆದುಕೊಂಡು ಅವರ ಜೊತೆ ಹೋದೆ. ಹಿತ್ತಲಿನಲ್ಲಿ ಬಾಣಲೆಗಳು ನಡೆಯುತ್ತಿದ್ದವು, ಬೆಂದ ಗೂಡಿನ ವಾಸನೆ ಮನೆಯೆಲ್ಲ ತುಂಬಿತ್ತು. ಭಾಯ್ ಮುಂದಿನ ಕೋಣೆಯ ಮಂಚದಲ್ಲಿ ಮಲಗಿದ್ದರು. ಮುಖ ಇಳಿದುಹೋಗಿತ್ತು. ನನ್ನನ್ನು ನೋಡಿ, ‘ವಾರದ ವಸೂಲಿಯೋಳು ಮನೇಗೇ ಬಂದ್ಳು,’ ಎಂದರು. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು.

ತೋಳಿಗೆ ರಬ್ಬರು ಕಟ್ಟಿ, ಮುಷ್ಟಿ ಹಿಡಿಯಿರಿ ಎಂದೆ. ಹಿಡಿಯಲು ಶಕ್ತಿಯಿರಲಿಲ್ಲ. ಕೈ ಹಾಸಿಗೆಯ ಮೇಲೆ ಅಂಗಾತ ತೆರೆದು ಬಿದ್ದಿತ್ತು.

ಅವರ ಅಂಗೈಯನ್ನು ನಾನು ನೋಡಿದ್ದು ಆಗ. ಅದು ನೂಲು ಬಿಚ್ಚುವವರ ಕೈಯಾಗಿರಲಿಲ್ಲ. ಸೀಳುಗಳೆಲ್ಲ ಕೂಡಿಕೊಂಡು ಬೆರಳ ತುದಿಗೆ ಹೊಸ ಚರ್ಮ ಬಂದಿತ್ತು, ತಿಳಿ ಗುಲಾಬಿ ಬಣ್ಣದ್ದು. ಉಗುರುಗಳು ಬೆಳೆದಿದ್ದವು, ಅವುಗಳ ಸುತ್ತ ಒಂದು ಚೂರೂ ಕೆಂಪಿರಲಿಲ್ಲ. ಇನ್ನೊಂದು ಕೈಯನ್ನೂ ಎತ್ತಿ ತಿರುಗಿಸಿ ನೋಡಿದೆ. ಅದೂ ಹಾಗೆಯೇ ಇತ್ತು.

‘ಆಪಾ, ಇವರು ನೀರಿಗೆ ಕೈ ಹಾಕಿ ಎಷ್ಟು ದಿನ ಆಯ್ತು?’

‘ಎದೆ ನೋವು ಬಂತಲ್ಲ, ಅವತ್ತಿಂದ ಇಲ್ಲ. ಆರು ವಾರ ಆಯ್ತು. ನಾನೇ ಬಿಟ್ಟಿಲ್ಲ. ದಿನಾ ಕೊಬ್ಬರಿ ಎಣ್ಣೆ ಹಚ್ಚಿದೀನಿ, ನೋಡು, ಮದುಮಗನ ಕೈ ಆಗೈತೆ.’

ಮೂರು ವಾರ ನಾನು ಅವರ ರಕ್ತ ತೆಗೆದಿದ್ದೆ. ಮೂರು ಸಲವೂ ಮುಷ್ಟಿ ಹಿಡಿಸಿದ್ದೆ. ತೆಗೆದಾದ ಮೇಲೆ ಹತ್ತಿ ಒತ್ತಿಕೊಂಡು ತೋಳು ಮಡಿಸಿ ಕೂರಲು ಹೇಳಿದ್ದೆ. ಕೈ ತೋರಿಸಿ ಎಂದು ಒಂದು ಸಲವೂ ಕೇಳಿರಲಿಲ್ಲ. ಗೂಡು ಹಾಕಿದ್ದು ಅವರ ಕೈ ನೋಡಿ ಅಲ್ಲ, ಅವರ ಕಸುಬು ಗೊತ್ತಿದ್ದುದರಿಂದ.

ರಕ್ತ ತೆಗೆದುಕೊಂಡೆ. ಆಮೇಲೆ ಕೇಳಿದೆ: ‘ಭಾಯ್, ಕಾಲಲ್ಲಿ ಏನಾಗಿದೆ?’

ಅವರು ಗೋಡೆಯ ಕಡೆ ಮುಖ ತಿರುಗಿಸಿ ಉರ್ದುವಿನಲ್ಲಿ ಹೆಂಡತಿಗೆ ಏನೋ ಹೇಳಿದರು. ನನಗೆ ಅರ್ಥವಾದದ್ದು ‘ಹುಡುಗಿ’ ಎನ್ನುವುದು ಮಾತ್ರ. ಆಪಾ ನನ್ನನ್ನು ಹೊರಗೆ ಜಗಲಿಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಅವರು ಬೈಯುವುದೂ ಭಾಯ್ ಬೇಡ ಬೇಡ ಎನ್ನುವುದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ಬಲಗೈಯನ್ನು ಅರ್ಧ ಮುಚ್ಚಿ ಅಳತೆ ತೋರಿಸಿದರು.

‘ಇಷ್ಟು ದೊಡ್ಡದೈತೆ, ನಿಂಬೆಕಾಯಷ್ಟು. ಕೆಂಪಗೆ. ಕೈ ಇಟ್ರೆ ಒಳಗೆ ಬಡ್ಕೊಂತೈತೆ, ಗುಂಡಿಗೆ ತರಾನೇ. ಹದಿನೈದು ದಿನದಿಂದ ಐತಂತೆ. ನನ್ಗೂ ತೋರ್ಸಿಲ್ಲ ನೋಡು.’

ನಾನು ಓಡಿಹೋಗಿ ಡಾಕ್ಟರನ್ನು ಕರೆದುಕೊಂಡು ಬಂದೆ. ಅವರು ಒಳಗಿದ್ದದ್ದು ಐದು ನಿಮಿಷ. ಹೊರಗೆ ಬಂದು ನನ್ನ ಕಡೆ ನೋಡಲಿಲ್ಲ. ಜಗಲಿಯ ಮೇಲೆಯೇ ಕೂತು ಬೆಂಗಳೂರಿನ ಆಸ್ಪತ್ರೆಗೆ ಕಾಗದ ಬರೆದರು. ತಂತಿ ಹಾಕಿದ ಜಾಗದಲ್ಲಿ ರಕ್ತನಾಳದ ಗೋಡೆಗೇ ಸೋಂಕು ತಗಲಿದೆ, ಉಬ್ಬಿಕೊಂಡಿದೆ, ಒಡೆದರೆ ದಾರಿಯಲ್ಲೇ ಹೋಗುತ್ತಾರೆ ಎಂದು ಆಪಾಗೆ ಹೇಳಿದರು. ಇದನ್ನು ಹೇಳುವಾಗ ದನಿ ತಗ್ಗಿಸಲಿಲ್ಲ. ಪಕ್ಕದ ಮನೆಯವರ ಮೆಟಾಡೋರ್‌ನಲ್ಲಿ ಇದ್ದ ಗೂಡಿನ ಚೀಲಗಳನ್ನು ಇಳಿಸಿ, ಹಾಸಿಗೆ ಹಾಕಿ ಭಾಯ್ ಅವರನ್ನು ಮಲಗಿಸಿದರು. ನಿಧಾನಕ್ಕೆ ಓಡಿಸು, ಗುಂಡಿ ನೋಡಿಕೋ ಎಂದು ಡ್ರೈವರಿಗೆ ಎಲ್ಲರೂ ಹೇಳಿದರು. ಬೆಂಗಳೂರು ದಾರಿಯ ವಿಜಯಪುರದ ಮೇಲೆ ಗಾಡಿ ಹೋಯಿತು.

ನಾನು ಲ್ಯಾಬಿಗೆ ವಾಪಸು ಬಂದು ಅವರ ರಕ್ತವನ್ನು ಕೊಳವೆಗೆ ತುಂಬಿ ನಿಲ್ಲಿಸಿದೆ. ಇನ್ನು ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. ಆದರೂ ಗಂಟೆ ಪೂರ್ತಿ ಕಾದೆ. ತೊಂಬತ್ತಾರು.

ರಿಜಿಸ್ಟರು ತೆಗೆದು ಹಿಂದಿನ ಪುಟಗಳನ್ನು ನೋಡಿದೆ. ನಲವತ್ತೆರಡು, ಐವತ್ತು, ಅರವತ್ತೆಂಟು. ಮೊದಲ ವಾರದ ನಲವತ್ತೆರಡೇ ಸರಿಯಿರಲಿಲ್ಲ. ಅಷ್ಟು ಹೊತ್ತಿಗೆ ಕೈ ವಾಸಿಯಾಗುತ್ತಾ ಬಂದಿತ್ತು, ಅಂಕಿ ಅವರ ಮಾಮೂಲಿಗಿಂತ ಕೆಳಗಿರಬೇಕಿತ್ತು. ಬಲೂನಿನ ಚಿಕಿತ್ಸೆಯಿಂದಲೇ ಏರಿದ್ದು ಎಷ್ಟು, ಸೋಂಕಿನದು ಎಷ್ಟು ಎಂದು ಆ ಮೊದಲ ವಾರ ಬೆಂಗಳೂರಿನವರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಎರಡನೆಯ ವಾರ ಗೊತ್ತಾಗುತ್ತಿತ್ತು. ಇಳಿಯದಿದ್ದರೆ ಬನ್ನಿ ಎಂದು ಕಾಗದದಲ್ಲಿ ಬರೆದಿತ್ತು. ಇಳಿದಿರಲಿಲ್ಲ. ಅದನ್ನು ನಾನು ಒಂದು ಪೆನ್ಸಿಲಿನ ಗೆರೆಯಿಂದ ಇಳಿಸಿದ್ದೆ.

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಡಾಕ್ಟರ ಮುಂದೆ ರಿಜಿಸ್ಟರು ಇಟ್ಟು, ಇನ್ನು ಮೇಲೆ ಗೂಡು ಹಾಕುವುದಿಲ್ಲ ಎಂದೆ. ಅವರು ಬಹಳ ಹೊತ್ತು ಪುಟ ತಿರುವಿದರು.

‘ನೀನು ನೋಡಿರ್ತೀಯ ಅಂತ ನಾನು ಅಂದ್ಕೊಂಡೆ. ನಾನು ನೋಡ್ತೀನಿ ಅಂತ ನೀನು ಅಂದ್ಕೊಂಡೆ,’ ಎಂದರು. ‘ಮುಲಾಮು ಬರೆದೆ ನಾನು ಆ ಕೈಗೆ. ಅವರ ಕೈ ಈ ಮೇಜಿನ ಮೇಲೇ ಇತ್ತು ಕಣಮ್ಮ.’

ಅದಾದ ಮೇಲೆ ಆ ವಿಷಯವನ್ನು ಅವರು ಎತ್ತಲಿಲ್ಲ. ಆದರೆ ಮಾರನೆಯ ದಿನ ಪರದೆಗೆ ಬದಲಾಗಿ ಪ್ಲೈವುಡ್ಡಿನ ಬಾಗಿಲು ಹಾಕಿಸಲು ಬಡಗಿಯನ್ನು ಕರೆಸಿದರು.

ಬೆಂಗಳೂರಿನಲ್ಲಿ ಅವತ್ತೇ ಆಪರೇಷನ್ ಮಾಡಿದರಂತೆ. ಕೀವು ತೆಗೆದು, ಕೆಟ್ಟುಹೋದ ರಕ್ತನಾಳವನ್ನು ಕತ್ತರಿಸಿ, ಇನ್ನೊಂದು ಕಾಲಿನಿಂದ ರಕ್ತನಾಳ ತೆಗೆದು ಜೋಡಿಸಿದರಂತೆ. ಕಾಲು ಉಳಿಯುತ್ತದೋ ಇಲ್ಲವೋ ಎಂದು ಒಂದು ವಾರ ಹೇಳಲಿಲ್ಲ. ಜೀವದ ಬಗ್ಗೆಯೂ ಮೊದಲ ಮೂರು ದಿನ ಏನೂ ಹೇಳಲಿಲ್ಲ. ಇದೆಲ್ಲ ನನಗೆ ಬಂದದ್ದು ಅವರ ಮನೆಯ ಕೆಲಸದವರ ಬಾಯಿಂದ. ದಿನಾ ಬೆಳಿಗ್ಗೆ ಲ್ಯಾಬಿಗೆ ಹೋಗುವಾಗ ಆ ಬೀದಿಯ ಮೇಲೆ ಹಾದು ಹೋಗುತ್ತಿದ್ದೆ. ಹಿತ್ತಲಿನಲ್ಲಿ ಹೊಗೆ ಕಂಡರೆ ಬಾಣಲೆ ನಡೆಯುತ್ತಿದೆ, ಅಂದರೆ ಕೆಟ್ಟ ಸುದ್ದಿ ಬಂದಿಲ್ಲ ಎಂದು ತಿಳಿದುಕೊಳ್ಳುತ್ತಿದ್ದೆ.

ಒಂದೂವರೆ ತಿಂಗಳ ಮೇಲೆ ಭಾಯ್ ಮನೆಗೆ ಬಂದರು. ಕಾಲು ಉಳಿದಿತ್ತು. ಹೆಜ್ಜೆ ಇಡುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದರು. ನಾನು ಅವರ ಮನೆಗೆ ಹೋಗಿ, ಗೂಡಿನ ಗುರುತಿನ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಇಬ್ಬರಿಗೂ ಹೇಳಿದೆ. ಭಾಯ್ ಎಲ್ಲ ಕೇಳಿಸಿಕೊಂಡರು.

‘ನನ್ದೂ ತಪ್ಪೈತೆ. ತೋರ್ಸ್ಬೇಕಿತ್ತು,’ ಎಂದರು.

ಆಪಾ ಹಾಗೆನ್ನಲಿಲ್ಲ. ‘ಅವರು ಮುಚ್ಚಿಟ್ಟಿದ್ದು ಬಟ್ಟೆ ಒಳಗೆ. ಕೈ ಮುಚ್ಚಿಟ್ಟಿರಲಿಲ್ಲವಲ್ಲಮ್ಮ,’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾ ಕೊಟ್ಟರು. ಕುಡಿದು ಬಂದೆ.

ಆ ವರ್ಷದ ಕೊನೆಗೆ ಅವರ ಅಂಕಿ ಇಪ್ಪತ್ತೆರಡಕ್ಕೆ ಇಳಿಯಿತು. ಒಳ್ಳೆಯ ಅಂಕಿ. ಅದು ಹಾಗೆಯೇ ಇರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಭಾಯ್ ಮತ್ತೆ ಬಾಣಲೆಯ ಮುಂದೆ ಕೂತರು. ಯಾರ ಮಾತೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಕೈ ಮೊದಲಿನಂತಾಯಿತು. ರಕ್ತ ಕೊಡಲು ಬಂದಾಗ ನಾನು ಎರಡೂ ಅಂಗೈ ನೋಡಿದೆ, ಸೀಳುಗಳು, ಎರಡು ಉಗುರಿನ ಪಕ್ಕ ಕೀವು. ಅಂಕಿ ನಲವತ್ತೈದು. ಡಾಕ್ಟರು ಬಾಗಿಲು ಹಾಕಿಕೊಂಡು ಕಾಲಿನ ಜಾಗವನ್ನೂ ನೋಡಿದರು. ಹೊರಗಿನಿಂದ ಏನೂ ಕಾಣಲಿಲ್ಲ. ಆದರೆ ಒಳಗೆ ಜೋಡಿಸಿದ ರಕ್ತನಾಳದ ಬಗ್ಗೆ ನಮ್ಮಿಬ್ಬರಿಗೂ ಹೇಳಲು ಆಗುತ್ತಿರಲಿಲ್ಲ. ಅಂಕಿ ಬರೆದು, ಬೆಂಗಳೂರಿಗೆ ಹೋಗಿ ತೋರಿಸಿ ಎಂದೆವು.

‘ಯಾಕೆ?’ ಎಂದರು ಭಾಯ್. ಅಂಗೈಗಳನ್ನು ನನ್ನ ಮುಖದ ಹತ್ತಿರ ಹಿಡಿದರು. ‘ಇದು ಕೈಯಿಂದ ಬಂದಿರೋದು. ನಿನ್ಗೂ ಗೊತ್ತೈತೆ, ನನ್ಗೂ ಗೊತ್ತೈತೆ.’

‘ಇರಬಹುದು ಭಾಯ್.’

‘ಇರಬಹುದು ಅಲ್ಲ. ಐತೆ. ಒಂದು ದಿನದ ಕೆಲಸ ಹೋಗ್ತೈತೆ ನನ್ಗೆ. ಹೆದರ್ಕೊಂಡು ಊರೋರ್ನೆಲ್ಲ ಬೆಂಗಳೂರಿಗೆ ಕಳಿಸ್ತೀಯಾ ಇನ್ನು?’

ಊರವರನ್ನೆಲ್ಲ ಕಳಿಸಬೇಕಾಗಿರಲಿಲ್ಲ. ಇವರನ್ನು ಕಳಿಸಬೇಕಾಗಿತ್ತು. ನಾನು ಚೀಟಿ ಮಡಿಸಿ ಅವರ ಜೇಬಿನಲ್ಲಿ ಇಟ್ಟೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಬೆಂಗಳೂರಿಗೆ ಹೋದರು, ಸ್ಕ್ಯಾನು ಮಾಡಿಸಿಕೊಂಡರು. ಏನೂ ಇರಲಿಲ್ಲ. ಅದು ಕೈಯಿಂದಲೇ ಬಂದದ್ದಾಗಿತ್ತು. ಮುಂದಿನ ತಿಂಗಳು ಅವರು ಲ್ಯಾಬಿಗೆ ಬರಲಿಲ್ಲ. ಆಪಾ ಬಂದು, ಮನೆಗೇ ಬಂದು ರಕ್ತ ತಗೋ ಎಂದು ಕರೆದರು.

‘ಕೋಪ ಐತಾ ಆಪಾ ಅವರಿಗೆ?’ ಎಂದು ದಾರಿಯಲ್ಲಿ ಕೇಳಿದೆ.

‘ಐತೆ. ಇರಲಿ,’ ಎಂದರು ಆಪಾ. ‘ನೀನು ಕಳಿಸ್ತಾ ಇರು.’

ಆ ಊರಿನಲ್ಲಿ ನಾನಿದ್ದಷ್ಟು ವರ್ಷ ಇನ್ನೂ ಎರಡು ಸಲ ಅವರನ್ನು ಬೆಂಗಳೂರಿಗೆ ಕಳಿಸಿದೆ. ಎರಡು ಸಲವೂ ಬೈಯುತ್ತಲೇ ಬಸ್ಸು ಹತ್ತಿದರು.